ಕಿಲ್ ಬಿಲ್ ಎರಡನೇ ಭಾಗ ನಿಮಗೆ ಹಿಡಿಸಿತಾ? ನಮ್ಮ ರೂಮಿನಲ್ಲಿ ವಾದ ಇನ್ನೂ ಮುಗಿದಿಲ್ಲ

ಉಣಕಲ್ ಕೆರೆ ದಂಡೆ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ಈ ಸಿನಿಮಾ ನೋಡದವರು ಇಲ್ಲೇ ನಿಂತುಬಿಡಿ. ಕೆಳಗೆ ಯಾರು ಸಾಯುತ್ತಾರೆ, ಯಾರು ಉಳಿಯುತ್ತಾರೆ ಎಲ್ಲಾ ಬರೆದಿದ್ದೇನೆ.

ವಿದ್ಯಾನಗರದಲ್ಲಿ ನಾವು ಐದು ಜನ ಹುಡುಗರು ಒಂದೇ ರೂಮಿನಲ್ಲಿದ್ದೇವೆ. ಶನಿವಾರ ರಾತ್ರಿ ಖಾನಾವಳಿ ಊಟ ಮುಗಿಸಿ ಬಂದು, ಗೋಡೆಗೆ ಬಿಳಿ ಚಾದರ ಕಟ್ಟಿ, ಸಣ್ಣ ಪ್ರೊಜೆಕ್ಟರ್‌ನಲ್ಲಿ ಒಂದು ಸಿನಿಮಾ ಹಚ್ಚುವುದು ನಮ್ಮ ರೂಢಿ. ಹೋದ ತಿಂಗಳು ಕಿಲ್ ಬಿಲ್ ಹಚ್ಚಿದೆವು. ಅಮೆರಿಕದ ನಿರ್ದೇಶಕ ಟರಂಟಿನೋ ತೆಗೆದ ಸೇಡಿನ ಸಿನಿಮಾ ಅದು. ತಾನು ಮೊದಲು ಇದ್ದ ಕೊಲೆಗಾರರ ಗುಂಪು, ಅದರ ಮುಖ್ಯಸ್ಥ ಬಿಲ್, ತನ್ನನ್ನೇ ಕೊಲ್ಲಲು ನೋಡಿದ್ದಕ್ಕೆ ನಾಯಕಿ ಬಿಯಾಟ್ರಿಕ್ಸ್ ಅವರ ಹೆಸರಿನ ಪಟ್ಟಿ ಮಾಡಿಕೊಂಡು ಹೊರಡುತ್ತಾಳೆ. ಮೊದಲ ಭಾಗ ಮುಗಿದಾಗ ರಾತ್ರಿ ಒಂದು ಗಂಟೆ. ಯಾರಿಗೂ ನಿದ್ದೆ ಇಲ್ಲ. ಹಳದಿ ಟ್ರ್ಯಾಕ್‌ಸೂಟ್ ಹಾಕಿಕೊಂಡು ಒಬ್ಬಳೇ ಹೆಂಗಸು ಟೋಕಿಯೋದ ಆ ಹೋಟೆಲಿನಲ್ಲಿ ಅಷ್ಟು ಜನರ ಗುಂಪಿನೊಳಗೆ ನುಗ್ಗುತ್ತಾಳೆ, ಆಮೇಲೆ ಹೊರಗೆ ಬಂದರೆ ಹಿಮ ಬಿದ್ದ ತೋಟ, ಎಲ್ಲಾ ಸದ್ದು ನಿಂತು ಬಿದಿರಿನ ಕೊಳವೆಯಲ್ಲಿ ನೀರು ತುಂಬಿ ಟಕ್ ಟಕ್ ಅನ್ನುವುದು ಮಾತ್ರ ಕೇಳುತ್ತದೆ. ಅದನ್ನೇ ಮಾತಾಡುತ್ತಾ ಬೆಳಗು ಮಾಡಿದೆವು.

ಮುಂದಿನ ಶನಿವಾರ ಎರಡನೇ ಭಾಗ. ಅರ್ಧಕ್ಕೇ ಇಬ್ಬರು ಮಲಗಿದರು. ಒಬ್ಬ ಕೊನೆವರೆಗೂ ಕೂತು "ಮೋಸ ಮಾಡಿದರು" ಅಂತ ಎದ್ದುಹೋದ. ನನಗೆ ಮಾತ್ರ ಎರಡು ದಿನ ಅದೇ ತಲೆಯಲ್ಲಿ ಸುತ್ತುತ್ತಿತ್ತು. ಮೊದಲನೆಯದು 111 ನಿಮಿಷ, ಎರಡನೆಯದು 137 ನಿಮಿಷ. ಜಾಸ್ತಿ ಹೊತ್ತು ಇದೆ, ಆದರೆ ಹೊಡೆದಾಟ ಕಡಿಮೆ. ಮೊದಲನೆಯದರಲ್ಲಿ ನಾಯಕಿ ಕತ್ತಿ ಹಿಡಿದು ಓಡುತ್ತಾಳೆ. ಎರಡನೆಯದರಲ್ಲಿ ಏಟು ತಿನ್ನುತ್ತಾಳೆ, ಮಣ್ಣಿನಲ್ಲಿ ಹೂತುಹೋಗುತ್ತಾಳೆ, ಕೂತು ಮಾತಾಡುತ್ತಾಳೆ. ಯಾರನ್ನು ಕೊಲ್ಲಲು ಎರಡೂ ಸಿನಿಮಾ ನಡೆದಿದೆಯೋ ಆ ಬಿಲ್ ಎದುರಿಗೆ ಬಂದಾಗ ಹೊಡೆದಾಟ ಒಂದು ನಿಮಿಷವೂ ಇಲ್ಲ.

ನಾನು ಕೇಳುವುದು ಇಷ್ಟೇ. ಸೇಡಿನ ಕಥೆ ಇಷ್ಟು ನಿಧಾನ ಆಗಬಹುದಾ? ನಿಮಗೆ ಯಾವ ಭಾಗ ಹಿಡಿಸಿತು, ಯಾಕೆ? ಇನ್ನೊಂದು ಕಾರಣವೂ ಇದೆ. ಬರುವ ವಾರ ನವಲಗುಂದದಿಂದ ಅಕ್ಕ, ಭಾವ ಬರುತ್ತಾರೆ. ಅಕ್ಕನಿಗೆ ಹೊಡೆದಾಟದ ಸಿನಿಮಾ ಅಂದರೆ ಮೊದಲಿನಿಂದಲೂ ಇಷ್ಟ. ಮೊದಲ ಭಾಗ ಅವರೇ ನೋಡಿದ್ದಾರಂತೆ. ಎರಡನೆಯದನ್ನು ತೋರಿಸಲೋ ಬೇಡವೋ?

ಬ್ಯಾಡಗಿ ಕಡ್ಡಿ, ಹಾವೇರಿ ಜಿಲ್ಲೆ

ಬೇಡ. ತಮ್ಮಾ, ಅಕ್ಕ ದೂರದಿಂದ ಬರುತ್ತಾರೆ, ಮೊದಲನೆಯದನ್ನೇ ಇನ್ನೊಮ್ಮೆ ಹಚ್ಚು.

ನಾನು ಎರಡನ್ನೂ ಮೂರು ಮೂರು ಸಲ ನೋಡಿದ್ದೇನೆ, ಸುಮ್ನೆ ಬೈಯುತ್ತಿಲ್ಲ. ಮೊದಲನೆಯದು 2003ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಬಂತು, ಎರಡನೆಯದು 2004ರ ಏಪ್ರಿಲ್‌ನಲ್ಲಿ. ಟರಂಟಿನೋ ಇದನ್ನು ಒಂದೇ ಸಿನಿಮಾ ಅಂತ ತೆಗೆದದ್ದು, ಉದ್ದ ಜಾಸ್ತಿ ಆಯಿತು ಅಂತ ಎರಡು ಮಾಡಿದರು. ಹಾಗೆ ಕಡಿಯುವಾಗ ಖಾರ ಎಲ್ಲಾ ಒಂದು ಚೀಲಕ್ಕೆ ಬಿತ್ತು, ಇನ್ನೊಂದು ಚೀಲಕ್ಕೆ ಬರೀ ತೊಟ್ಟು ಉಳಿಯಿತು. ನಮ್ಮ ಕಡೆ ಮೆಣಸಿನಕಾಯಿ ಮಾರುವವನು ಮೇಲೆ ಒಳ್ಳೆ ಮಾಲು ಇಟ್ಟು ತೋರಿಸಿ ಕೆಳಗೆ ಬೇರೆ ತುಂಬಿದರೆ ಮುಂದಿನ ಸೋಮವಾರ ಯಾರೂ ಅವನ ಹತ್ತಿರ ಹೋಗುವುದಿಲ್ಲ.

ಪಟ್ಟಿಯಲ್ಲಿರುವ ಬಡ್ ಅನ್ನುವವನ ಕಥೆಗೆ ಅಷ್ಟು ಹೊತ್ತು ಯಾಕೆ ಬೇಕು? ಅವನು ಯಾವುದೋ ಬಾರಿನಲ್ಲಿ ಕೆಲಸ ಮಾಡುತ್ತಾನೆ, ತಡವಾಗಿ ಹೋಗುತ್ತಾನೆ, ಮಾಲೀಕನಿಂದ ಬೈಸಿಕೊಳ್ಳುತ್ತಾನೆ, ಕೊನೆಗೆ ಪಾಯಖಾನೆ ತೊಳಿ ಅನ್ನಿಸಿಕೊಳ್ಳುತ್ತಾನೆ. ಅವನನ್ನು ನಾಯಕಿ ಕೊಲ್ಲುವುದೂ ಇಲ್ಲ! ಸೂಟ್‌ಕೇಸಿನಲ್ಲಿ ಇಟ್ಟ ಹಾವು ಕೊಲ್ಲುತ್ತದೆ. ಪಟ್ಟಿಯಲ್ಲಿರುವ ಎಲ್ ಡ್ರೈವರ್ ಅನ್ನುವವಳನ್ನೂ ನಾಯಕಿ ಕೊಲ್ಲುವುದಿಲ್ಲ, ಕಣ್ಣು ಕಿತ್ತು ಬಿಟ್ಟು ಹೋಗುತ್ತಾಳೆ. ಪಟ್ಟಿ ಬರೆದುಕೊಂಡು ಹೊರಟವಳು ತಾನೇ ಹೊಡೆದು ಹಾಕಿದ್ದು ಎರಡನೇ ಭಾಗದಲ್ಲಿ ಒಬ್ಬನನ್ನು. ಅದೂ ಕುರ್ಚಿ ಮೇಲೆ ಕೂತು, ಬೆರಳಿನಿಂದ. ಆರು ತಿಂಗಳು ಕಾದು ಟಿಕೆಟ್ ತೆಗೆಸಿದವನಿಗೆ ಇದು ನ್ಯಾಯ ಅಲ್ಲ.

ಗರಡಿ ಮಣ್ಣು, ಧಾರವಾಡ

ಬ್ಯಾಡಗಿ ಅಣ್ಣಾ, ಉಳಿದದ್ದು ಬಿಡಿ, ಕೊನೆ ಹೊಡೆದಾಟದ ಬಗ್ಗೆ ನನಗೆ ನಿಮ್ಮ ಮಾತು ಒಪ್ಪಿಗೆ ಇಲ್ಲ.

ನಾನು ಹನ್ನೆರಡು ವರ್ಷ ಗರಡಿಗೆ ಹೋದವನು. ಜಾತ್ರೆ ಕುಸ್ತಿ ನೀವೂ ನೋಡಿರಬೇಕು. ಸಣ್ಣ ಹುಡುಗರ ಜೋಡಿ ಮೊದಲು ಬಿಡುತ್ತಾರೆ. ಅವರು ಉರುಳಾಡುತ್ತಾರೆ, ಬೀಳುತ್ತಾರೆ, ಏಳುತ್ತಾರೆ, ಜನ ಸಿಳ್ಳೆ ಹಾಕುತ್ತಾರೆ. ಕೊನೆಗೆ ದೊಡ್ಡ ಜೋಡಿ ಬಿಟ್ಟಾಗ ಏನಾಗುತ್ತದೆ? ಇಬ್ಬರೂ ಹಣೆಗೆ ಹಣೆ ಹಚ್ಚಿ ನಿಲ್ಲುತ್ತಾರೆ. ಕೈ ತೂಗುತ್ತಾರೆ. ಹತ್ತು ನಿಮಿಷ, ಹದಿನೈದು ನಿಮಿಷ, ನೋಡುವವರಿಗೆ ಏನೂ ನಡೆದ ಹಾಗೆ ಕಾಣುವುದಿಲ್ಲ. ಆಮೇಲೆ ಒಂದೇ ಪಟ್ಟು. ಒಬ್ಬ ಚಿತ್. ಕಣ್ಣು ಮಿಟುಕಿಸಿದವನಿಗೆ ಕುಸ್ತಿ ತಪ್ಪಿಹೋಗುತ್ತದೆ.

ಬಿಲ್ ಮತ್ತು ಬಿಯಾಟ್ರಿಕ್ಸ್ ಆ ಮಟ್ಟದ ಜೋಡಿ. ಅವನು ಕತ್ತಿ ಬೀಸಿದಾಗ ಅವಳ ಕೈಯಲ್ಲಿ ಕತ್ತಿ ಇರುವುದಿಲ್ಲ, ಖಾಲಿ ಒರೆ ಇರುತ್ತದೆ. ಅವನ ಕತ್ತಿಯನ್ನು ತನ್ನ ಒರೆಯೊಳಗೇ ಹಿಡಿದುಬಿಡುತ್ತಾಳೆ! ಎಂಥಾ ಪಟ್ಟು ನೋಡಿ. ಕೈ ಸೋತವನು ಕತ್ತಿಯಿಂದಲೇ ಸಿಕ್ಕಿಬಿದ್ದ. ಆಮೇಲೆ ಎದೆ ಮೇಲೆ ಐದು ಕಡೆ ಬೆರಳು. ಐದು ಹೆಜ್ಜೆ ನಡೆದರೆ ಎದೆ ಒಡೆಯುವ ವಿದ್ಯೆ. ಅವನು ಬಾಯಿ ಒರೆಸಿಕೊಂಡು, ಕೋಟಿನ ಗುಂಡಿ ಹಾಕಿಕೊಂಡು, ಎದ್ದು ನಡೆಯುತ್ತಾನಲ್ಲ, ಆ ಹೆಜ್ಜೆ ನಾನು ಎಣಿಸಿದೆ. ನನ್ನ ಮೈಯೆಲ್ಲಾ ಬಿಗಿಯಾಗಿತ್ತು. ನೂರು ಜನರನ್ನು ಕಡಿದಾಗ ಹಾಗೆ ಆಗಿರಲಿಲ್ಲ.

ಬ್ಯಾಡಗಿ ಕಡ್ಡಿ, ಹಾವೇರಿ ಜಿಲ್ಲೆ

ಪೈಲ್ವಾನರೇ, ನಿಮ್ಮ ಹೋಲಿಕೆ ಸರಿ ಇದೆ. ಆದರೆ ಕುಸ್ತಿಯಲ್ಲಿ ಆ ಹದಿನೈದು ನಿಮಿಷ ಇಬ್ಬರೂ ಕಣದಲ್ಲೇ ಇರುತ್ತಾರೆ, ಕೈ ಕೈ ಹಿಡಿದಿರುತ್ತಾರೆ. ಇಲ್ಲಿ ಬಿಲ್ ಕಾಮಿಕ್ ಪುಸ್ತಕದ ಸೂಪರ್‌ಮ್ಯಾನ್ ಬಗ್ಗೆ ಭಾಷಣ ಮಾಡುತ್ತಾನೆ. ಎರಡೂ ಒಂದೇನಾ?

ಗರಡಿ ಮಣ್ಣು, ಧಾರವಾಡ

ಒಂದೇ ಅಂತ ನನಗೆ ಅನ್ನಿಸಿತು. ಸೂಪರ್‌ಮ್ಯಾನ್ ಹುಟ್ಟಿದಾಗಲೇ ಸೂಪರ್‌ಮ್ಯಾನ್, ಸಾಮಾನ್ಯ ಮನುಷ್ಯನ ಅಂಗಿ ಅವನಿಗೆ ವೇಷ. ನೀನೂ ಹಾಗೇ, ಕೊಲ್ಲುವುದೇ ನಿನ್ನ ಹುಟ್ಟುಗುಣ, ಮದುವೆ ಸಂಸಾರ ಅನ್ನುವುದು ನೀನು ಹಾಕಿಕೊಂಡ ವೇಷ. ಇದನ್ನು ಅವಳ ಮುಖಕ್ಕೇ ಹೇಳುತ್ತಾನೆ. ಅದು ಹೊಡೆತ ಅಲ್ಲವಾ? ಅವನು ಅವಳ ಕಾಲು ಎಲ್ಲಿ ಸಡಿಲ ಇದೆ ಅಂತ ಹುಡುಕುತ್ತಿದ್ದಾನೆ. ಅವಳು ಅಳುತ್ತಾಳೆ, ಆದರೂ ನಿಂತ ಜಾಗ ಬಿಡುವುದಿಲ್ಲ. ನೀವು ಭಾಷಣ ಅಂತ ಕೇಳಿದ್ದು ನನಗೆ ಕೈ ತೂಗಿದ ಹಾಗೆ ಕಂಡಿತು.

ಕುಂದಗೋಳ ಪ್ಯಾಸೆಂಜರ್

ನಾನು ಸಂಗೀತ ಕಲಿಯುವ ಹುಡುಗಿ. ಕತ್ತಿ, ಕರಾಟೆ ನನಗೆ ಗೊತ್ತಿಲ್ಲ. ಎರಡನೇ ಭಾಗದ ಎಂಟನೇ ಅಧ್ಯಾಯಕ್ಕಾಗಿ ಬರೆಯುತ್ತಿದ್ದೇನೆ. ಪೈ ಮೇ ಅನ್ನುವ ಗುರುವಿನ ಹತ್ತಿರ ಅವಳು ಕಲಿಯುವ ಭಾಗ ಅದು.

ಆ ಬೆಟ್ಟದ ಮೆಟ್ಟಿಲು ಹತ್ತಿ ಅವಳು ಎರಡು ಕೈಯಲ್ಲಿ ನೀರಿನ ಬಕೆಟ್ ಹೊರುತ್ತಾಳೆ. ಒಂದು ಹಲಗೆ ಮುಂದೆ ನಿಂತು, ಮೂರು ಇಂಚು ದೂರದಿಂದ ಗುದ್ದುತ್ತಾಳೆ, ಗುದ್ದುತ್ತಲೇ ಇರುತ್ತಾಳೆ. ಬೆರಳಿನ ಗಂಟು ಒಡೆದು ರಕ್ತ ಬರುತ್ತದೆ. ಊಟಕ್ಕೆ ಕೂತರೆ ಕಡ್ಡಿ ಹಿಡಿಯಲು ಬೆರಳು ಬಗ್ಗುವುದಿಲ್ಲ. ಕೈಯಿಂದ ಅನ್ನ ತೆಗೆದುಕೊಂಡರೆ ಗುರು ಬಟ್ಟಲನ್ನೇ ಎಸೆಯುತ್ತಾನೆ. ಅವಳು ಮತ್ತೆ ಕಡ್ಡಿ ಹಿಡಿಯುತ್ತಾಳೆ. ಅಷ್ಟೇ ಕಥೆ. ಹಲಗೆ ಒಡೆಯಿತಾ ಇಲ್ಲವಾ ಅಂತ ಆಗ ತೋರಿಸುವುದಿಲ್ಲ.

ಇದನ್ನು ನೋಡುವಾಗ ನನಗೆ ನಮ್ಮ ಕುಂದಗೋಳವೇ ಕಣ್ಣ ಮುಂದೆ ಬಂತು. ಸವಾಯಿ ಗಂಧರ್ವರ ಮನೆಗೆ 1936ರಲ್ಲಿ ಭೀಮಸೇನ ಜೋಶಿ ಕಲಿಯಲು ಬಂದಾಗ ಪಾಠಕ್ಕಿಂತ ಮೊದಲು ಸಿಕ್ಕಿದ್ದು ಮನೆಗೆಲಸ, ನೀರು ಹೊರುವ ಕೆಲಸ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಕಲಿತು ರೈಲಿನಲ್ಲೇ ತಿರುಗಿ ಹೋಗುತ್ತಿದ್ದರು. ನಾನೂ ಅದೇ ಹಳಿ ಮೇಲೆ ಓಡಾಡುತ್ತೇನೆ. ನನ್ನ ಗುರುಗಳು ನಾಲ್ಕು ತಿಂಗಳು ಷಡ್ಜ ಒಂದನ್ನೇ ಹಾಡಿಸಿದರು. ಬೆಳಗ್ಗೆ ಎದ್ದು ಅದೇ ಸಾ, ಮತ್ತೆ ಅದೇ ಸಾ. ಇದರಿಂದ ಏನು ಬರುತ್ತದೆ ಅಂತ ಅಳು ಬರುತ್ತಿತ್ತು. ಒಂದು ದಿನ ಶೀತ ಆಗಿ ಗಂಟಲು ಪೂರ್ತಿ ಕೂತಿತ್ತು, ಆದರೂ ಸ್ವರ ತನ್ನ ಜಾಗದಲ್ಲೇ ನಿಂತಿತು. ಅವತ್ತು ತಿಳಿಯಿತು.

ಸಿನಿಮಾದಲ್ಲೂ ಹಾಗೇ. ಅವಳನ್ನು ಪೆಟ್ಟಿಗೆಯಲ್ಲಿ ಹಾಕಿ, ಮೊಳೆ ಹೊಡೆದು, ಜೀವಂತ ಹೂತಿದ್ದಾರೆ. ಕೈ ಬೀಸಲು ಜಾಗ ಇಲ್ಲ. ಇರುವುದು ಮೂರು ಇಂಚು. ಆಗ ಸಿನಿಮಾ ಹಿಂದೆ ಹೋಗಿ ಗುರುವಿನ ಮನೆ ತೋರಿಸುತ್ತದೆ, ಆಮೇಲೆ ಪೆಟ್ಟಿಗೆಗೆ ತಿರುಗಿ ಬರುತ್ತದೆ. ಅವಳು ಗುದ್ದಲು ಶುರು ಮಾಡುತ್ತಾಳೆ. ಕಲಿಯುವಾಗ ಹೇಗೆ ಗುದ್ದಿದ್ದಳೋ ಅದೇ ಲಯ. ಬ್ಯಾಡಗಿ ಅಣ್ಣಾವರಿಗೆ ಇದು ನಿಧಾನ ಅನ್ನಿಸಿದರೆ ನಾನು ಏನು ಹೇಳಲಿ? ಆ ನಿಧಾನ ಇಲ್ಲದಿದ್ದರೆ ಹಲಗೆ ಒಡೆದಾಗ ನಾನು ಕೂಗುತ್ತಿರಲಿಲ್ಲ.

ಒಂದು ಮಾತು ಮಾತ್ರ ಸೇರಿಸುತ್ತೇನೆ. ಗುರು ಬೈಯಬೇಕು, ಹೊಡೆಯಬೇಕು, ಹೆಣ್ಣು ಅಂತ ಹೀಯಾಳಿಸಬೇಕು, ಆಗಲೇ ವಿದ್ಯೆ ಬರುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನನ್ನ ಗುರುಗಳು ಒಂದು ದಿನವೂ ಕೈ ಎತ್ತಲಿಲ್ಲ. ಕಷ್ಟ ವಿದ್ಯೆಯಲ್ಲೇ ಇರುತ್ತದೆ, ಬೇರೆ ಕ್ರೌರ್ಯ ಬೇಕಾಗಿಲ್ಲ.

ಆಪರೇಟರ್ ಮಗ, ಹಳೇ ಹುಬ್ಬಳ್ಳಿ

ಕುಂದಗೋಳದ ತಂಗಿ ಬರೆದದ್ದು ಓದಿ ಖುಷಿಯಾಯಿತು. ಆ ಪೈ ಮೇ ಬಗ್ಗೆ ನಾನು ಸ್ವಲ್ಪ ಹೇಳಬಹುದು.

ನಮ್ಮ ಅಪ್ಪ ಟಾಕೀಸಿನಲ್ಲಿ ಆಪರೇಟರ್ ಆಗಿದ್ದರು. ಬೆಳಗಿನ ಆಟಕ್ಕೆ ಹಾಂಕಾಂಗ್ ಕುಂಗ್‌ಫು ಚಿತ್ರ ಬಂದರೆ ನಾನು ಶಾಲೆ ತಪ್ಪಿಸಿ ಮಷೀನ್ ರೂಮಿನಲ್ಲಿ ಕೂರುತ್ತಿದ್ದೆ. ಅಲ್ಲಿನ ಸಣ್ಣ ಕಿಂಡಿಯಿಂದಲೇ ಎಲ್ಲಾ ನೋಡಿದ್ದು. ಪೈ ಮೇ ಅಂದರೆ ಬಿಳಿ ಹುಬ್ಬು. ಶಾ ಬ್ರದರ್ಸ್ ಕಂಪನಿಯ 1970ರ ದಶಕದ ಚಿತ್ರಗಳಲ್ಲಿ ಅವನು ಖಳ, ಶಾವೊಲಿನ್ ಮಠದವರ ವೈರಿ. ಅದೇ ವೇಷವನ್ನು ಇಲ್ಲಿ ಹಾಕಿದವರು ಗಾರ್ಡನ್ ಲಿಯು. 1978ರಲ್ಲಿ ಅದೇ ಕಂಪನಿಯ ಚಿತ್ರದಲ್ಲಿ ಶಾವೊಲಿನ್ ಮಠದ ಮೂವತ್ತೈದು ಕೋಣೆಯ ವಿದ್ಯೆಗೆ ಬೆವರು ಸುರಿಸಿದ ಶಿಷ್ಯನ ಪಾತ್ರ ಮಾಡಿದವರು ಇವರೇ. ಅಲ್ಲಿ ಶಿಷ್ಯ, ಇಲ್ಲಿ ಗುರು. ಮೊದಲ ಭಾಗದಲ್ಲೂ ಇದ್ದಾರೆ, ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿದ ಆ ಗುಂಪಿನ ಮುಂದಾಳು ಜಾನಿ ಮೋ. ಎರಡು ಭಾಗದಲ್ಲಿ ಎರಡು ವೇಷ. ಹೊಡೆದಾಟ ಕಟ್ಟಿದವರು ಯುಯೆನ್ ವೂ-ಪಿಂಗ್, ಅವರೂ ಹಾಂಕಾಂಗ್ ಚಿತ್ರಗಳಲ್ಲೇ ಬೆಳೆದವರು. ಬಿಲ್ ಪಾತ್ರದ ಡೇವಿಡ್ ಕ್ಯಾರಡೈನ್ 1972ರಿಂದ 1975ರವರೆಗೆ ಅಮೆರಿಕದ ಟಿವಿಯಲ್ಲಿ ಕುಂಗ್‌ಫು ಸನ್ಯಾಸಿಯಾಗಿ ಹೆಸರು ಮಾಡಿದವರು. ಆ ಸನ್ಯಾಸಿ ಕೊಳಲು ಊದುತ್ತಿದ್ದ, ಈ ಬಿಲ್ ಕೈಯಲ್ಲೂ ಕೊಳಲು. ಅವರ ಮುಖದ ಮೇಲಿನ ಆ ಗೆರೆಗಳನ್ನು ನೋಡುತ್ತಾ ಕೂತರೂ ನನಗೆ ಬೇಜಾರಿಲ್ಲ.

ಪೈ ಮೇ ಗಡ್ಡ ಸವರಿ ಹಿಂದೆ ಎಸೆಯುವಾಗ ಕ್ಯಾಮೆರಾ ಗಕ್ಕನೆ ಮುಖದ ಹತ್ತಿರ ನುಗ್ಗುತ್ತದೆ, ಬಣ್ಣ ಸ್ವಲ್ಪ ಮಾಸಿದ ಹಾಗೆ, ಚಿತ್ರ ಕಾಳು ಕಾಳಾಗಿ ಕಾಣುತ್ತದೆ. ಹಳೇ ಪ್ರಿಂಟ್ ಓಡಿಸಿದವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ನನಗೆ ಅಪ್ಪನ ಮಷೀನ್ ರೂಮಿನ ಬಿಸಿ ನೆನಪಾಯಿತು. ಅವರು ಇದ್ದಿದ್ದರೆ ತೋರಿಸುತ್ತಿದ್ದೆ.

ಮತ್ತೆ ಆ ಹೂಳುವ ಭಾಗ. ಪರದೆ ಪೂರ್ತಿ ಕಪ್ಪು. ಮೊಳೆ ಹೊಡೆಯುವ ಸದ್ದು, ಅವಳ ಉಸಿರು, ಹಲಗೆ ಮೇಲೆ ಮಣ್ಣು ಬೀಳುವ ಸದ್ದು. ಮೊದಲು ಧಪ್ ಅಂತ ಜೋರಾಗಿ, ಆಮೇಲೆ ಮಣ್ಣು ಏರಿದ ಹಾಗೆ ದೂರ ದೂರ. ಹೊಡೆದಾಟದ ಸಿನಿಮಾದಲ್ಲಿ ನೋಡಲು ಏನೂ ಕೊಡದೆ ಜನರನ್ನು ಕೂರಿಸುವ ಧೈರ್ಯ ಎಷ್ಟು ಜನರಿಗಿದೆ? ತಮ್ಮಾ, ನಿನ್ನ ರೂಮಿನಲ್ಲಿ ಅದು ಕೆಟ್ಟಿರಬೇಕು. ಕಿಟಕಿಯಿಂದ ಬೀದಿದೀಪದ ಬೆಳಕು, ಪ್ರೊಜೆಕ್ಟರ್‌ನ ಸಣ್ಣ ಸ್ಪೀಕರ್, ಪಕ್ಕದಲ್ಲಿ ಒಬ್ಬನ ಕೈಯಲ್ಲಿ ಮೊಬೈಲು. ಎರಡನೇ ಭಾಗ ನಿಧಾನ ಅನ್ನುವ ಅರ್ಧ ಜನ ಅದನ್ನು ಕತ್ತಲಲ್ಲಿ ನೋಡಿಯೇ ಇಲ್ಲ. ಅಕ್ಕನಿಗೆ ತೋರಿಸುವಾಗ ಕಿಟಕಿಗೆ ದಪ್ಪ ಕಂಬಳಿ ಹಾಕು, ಬೇರೆ ಸ್ಪೀಕರ್ ಜೋಡಿಸು.

ಸಂಗೀತ ಕಟ್ಟಿದವರಲ್ಲಿ ರಾಬರ್ಟ್ ರಾಡ್ರಿಗಸ್ ಒಬ್ಬರು, ಗೆಳೆತನಕ್ಕೆ 1 ಡಾಲರ್ ತೆಗೆದುಕೊಂಡರು. ಇಟಲಿಯ ಎನಿಯೋ ಮೊರಿಕೋನೆ ಅವರ ಹಳೇ ಕೌಬಾಯ್ ಚಿತ್ರಗಳ ಸಂಗೀತವೂ ಉಂಟು. ಮೊದಲ ಭಾಗ ಜಪಾನಿನ ಕಡೆ ಮುಖ ಮಾಡಿದೆ, ಎರಡನೆಯದು ಟೆಕ್ಸಾಸಿನ ಬಯಲು, ಧೂಳು, ಕುದುರೆ ಇಲ್ಲದ ಕೌಬಾಯ್ ಚಿತ್ರ. ಅದೇ ರುಚಿ ಇನ್ನೊಮ್ಮೆ ಸಿಗುತ್ತದೆ ಅಂತ ಕೂತರೆ ಬೇಸರವೇ ಆಗುತ್ತದೆ.

ಬೆಟಗೇರಿ ಮಾಸ್ತರ, ಗದಗ

ಕನ್ನಡ ಪಾಠ ಮಾಡುವವನು ನಾನು. ನನ್ನ ಮಗ ಈ ಚರ್ಚೆ ತೋರಿಸಿದ. ಎರಡೂ ಭಾಗವನ್ನು ಅವನ ಜೊತೆಯೇ ನೋಡಿದ್ದೆ.

ಬ್ಯಾಡಗಿಯವರು ಬಡ್ ಕಥೆಗೆ, ಬಿಲ್ ಮಾತಿಗೆ ಅಷ್ಟು ಹೊತ್ತು ಯಾಕೆ ಅಂದರು. ಸಾವಿರ ವರ್ಷದ ಹಿಂದೆ ರನ್ನ ಗದಾಯುದ್ಧ ಬರೆದಾಗ ಇದೇ ಕೆಲಸ ಮಾಡಿದ. ಅದು ಭೀಮನ ಸೇಡಿನ ಕಥೆ. ಕಾವ್ಯದ ಇನ್ನೊಂದು ಹೆಸರೇ ಸಾಹಸಭೀಮ ವಿಜಯ. ಯುದ್ಧದ ಕೊನೆಯಲ್ಲಿ ನಿಂತು, ಸಿಂಹ ಹಿಂತಿರುಗಿ ನೋಡಿದ ಹಾಗೆ, ಹಿಂದಿನ ಭಾರತವನ್ನೆಲ್ಲಾ ಅಲ್ಲಲ್ಲಿ ನೆನಪು ಮಾಡಿಸುತ್ತಾ ಹೇಳುತ್ತಾನೆ. ಸಿಂಹಾವಲೋಕನ ಕ್ರಮ ಅಂತಾರೆ. ಈ ಸಿನಿಮಾದ ಅಧ್ಯಾಯಗಳು ಹಿಂದೆ ಮುಂದೆ ಓಡುವುದನ್ನು ನೋಡಿ ನನಗೆ ಮೊದಲು ನೆನಪಾದದ್ದೇ ಅದು.

ಆದರೆ ನಾನು ಹೇಳಬೇಕಾದದ್ದು ಬೇರೆ. ಗದೆ ಏಟು ಬೀಳುವ ಮೊದಲು ರನ್ನ ನಮ್ಮನ್ನು ದುರ್ಯೋಧನನ ಜೊತೆ ರಣರಂಗದಲ್ಲಿ ನಡೆಸುತ್ತಾನೆ. ಹೆಣಗಳ ನಡುವೆ. ದ್ರೋಣನನ್ನು ನೋಡುತ್ತಾನೆ, ತಮ್ಮನನ್ನು ನೋಡುತ್ತಾನೆ, ಕರ್ಣನ ಮುಂದೆ ನಿಂತು ಅಳುತ್ತಾನೆ. ವೈರಿಯ ಮಗ ಅಭಿಮನ್ಯುವಿನ ಹೆಣ ಕಂಡು ಅವನ ಶೌರ್ಯ ಹೊಗಳುತ್ತಾನೆ. ಇಷ್ಟೆಲ್ಲಾ ಕೇಳಿದ ಮೇಲೆ ಭೀಮ ಅವನ ತೊಡೆ ಮುರಿದಾಗ ನಮಗೆ ಬರೀ ಖುಷಿ ಆಗುವುದಿಲ್ಲ. ದ್ರೌಪದಿಯ ಮುಡಿ ಕಟ್ಟಿದ್ದು ಸರಿ, ಆದರೆ ಗಂಟಲಲ್ಲಿ ಏನೋ ಸಿಕ್ಕಿಕೊಳ್ಳುತ್ತದೆ. ತರಗತಿಯಲ್ಲಿ ಪ್ರತಿ ವರ್ಷ ಮಕ್ಕಳು ಕೇಳುತ್ತಾರೆ, "ಸರ್, ಕೆಟ್ಟವನು ಸತ್ತರೆ ನಮಗೆ ಯಾಕೆ ಕೆಟ್ಟದೆನಿಸುತ್ತದೆ?" ನಾನು ಉತ್ತರ ಹೇಳುವುದಿಲ್ಲ, ಇನ್ನೊಮ್ಮೆ ಓದಿಸುತ್ತೇನೆ.

ಬಿಲ್ ಮಗಳಿಗೆ ರೊಟ್ಟಿ ಕತ್ತರಿಸಿ ಕೊಡುತ್ತಾ, ಅವಳು ತುಳಿದು ಕೊಂದ ಮೀನಿನ ಕಥೆ ಹೇಳುತ್ತಾನೆ. ಬಡ್ ತಾನೇ ಒಪ್ಪಿಕೊಳ್ಳುತ್ತಾನೆ, ಆ ಹೆಂಗಸಿಗೆ ಸೇಡು ತೀರಿಸುವ ಹಕ್ಕಿದೆ ಅಂತ. ಮೊದಲ ಭಾಗದಲ್ಲಿ ಇವರೆಲ್ಲಾ ಪಟ್ಟಿಯಲ್ಲಿನ ಹೆಸರುಗಳು. ಎರಡನೆಯದರಲ್ಲಿ ಮನುಷ್ಯರು. ಮನುಷ್ಯರಾದ ಮೇಲೆ ಕೊಲ್ಲುವುದು ಕಷ್ಟ. ಆ ಕಷ್ಟ ತೋರಿಸಲು ಹೊತ್ತು ಬೇಕು.

ನಮ್ಮೂರಿನ ವೀರನಾರಾಯಣನ ಗುಡಿಯಲ್ಲಿ ಕುಮಾರವ್ಯಾಸ ಬರೆದ ಭಾರತಕ್ಕೆ ಹತ್ತು ಪರ್ವ, ಗದಾಪರ್ವಕ್ಕೆ ನಿಲ್ಲುತ್ತದೆ. ಈ ಸಿನಿಮಾಕ್ಕೂ ಎರಡು ಭಾಗ ಸೇರಿ ಹತ್ತು ಅಧ್ಯಾಯ. ಮೊದಲ ಐದು ಓದಿ ಪುಸ್ತಕ ಮುಚ್ಚಿಡಿ ಅಂತ ನಾನು ಯಾರಿಗೂ ಹೇಳಲಾರೆ.

ಸಪ್ತಾಪುರ, ಧಾರವಾಡ

ಸರ್, ನಿಮ್ಮ ಮಾತು ತುಂಬಾ ಚೆನ್ನಾಗಿದೆ. ಆದರೆ ಇಲ್ಲಿ ಎಲ್ಲರೂ ಬಿಲ್ ಬಗ್ಗೆ, ಗುರು ಬಗ್ಗೆ ಬರೆದರು. ಅವಳು ತಾಯಿ ಅನ್ನುವುದನ್ನು ಯಾರೂ ಹಿಡಿಯಲಿಲ್ಲ.

ಕೊಲೆಗಾರ್ತಿಯಾಗಿ ಹೋದ ಊರಿನ ಹೋಟೆಲ್ ರೂಮಿನಲ್ಲಿ ಅವಳಿಗೆ ತಾನು ಬಸುರಿ ಅಂತ ಗೊತ್ತಾಗುತ್ತದೆ. ಅದೇ ಹೊತ್ತಿಗೆ ಬಾಗಿಲಲ್ಲಿ ಅವಳನ್ನು ಕೊಲ್ಲಲು ಇನ್ನೊಬ್ಬಳು. ಇಬ್ಬರ ಕೈಯಲ್ಲೂ ಬಂದೂಕು. ಇವಳು ನೆಲದ ಮೇಲೆ ಬಿದ್ದ ಪರೀಕ್ಷೆ ಕಡ್ಡಿ ತೋರಿಸಿ ನೋಡು ಅನ್ನುತ್ತಾಳೆ. ಬಂದವಳು ನೋಡುತ್ತಾಳೆ. ಅಭಿನಂದನೆ ಹೇಳಿ ಹೊರಟುಹೋಗುತ್ತಾಳೆ. ನಾನು ಎರಡು ಮಕ್ಕಳ ತಾಯಿ. ಇಡೀ ಹತ್ತು ಅಧ್ಯಾಯದಲ್ಲಿ ನನಗೆ ಇದಕ್ಕಿಂತ ದೊಡ್ಡ ಹೊಡೆದಾಟ ಕಾಣಲಿಲ್ಲ. ಇಬ್ಬರೂ ಉಳಿದರು.

ಆಮೇಲೆ ಕೊನೆಗೆ ಬಂದೂಕು ಹಿಡಿದು ಬಿಲ್ ಮನೆಯೊಳಗೆ ನುಗ್ಗುತ್ತಾಳೆ, ಎದುರಿಗೆ ಸತ್ತಿದೆ ಅಂದುಕೊಂಡ ಮಗು ಆಟದ ಬಂದೂಕು ಹಿಡಿದು ನಿಂತಿದೆ. ಆಗ ಅವಳು ಸತ್ತ ಹಾಗೆ ನಟಿಸಿ ಬೀಳಬೇಕು! ಮಗು ಬದುಕಿದೆ ಅಂತ ನಮಗೆ ಮೊದಲ ಭಾಗದ ಕೊನೆಯಲ್ಲೇ ಹೇಳಿಬಿಟ್ಟಿದ್ದರು, ಅವಳಿಗೆ ಗೊತ್ತಿರಲಿಲ್ಲ. ಎರಡನ್ನೂ ಸೇರಿಸಿದ ನಾಲ್ಕು ಗಂಟೆಗೂ ಮೀರಿದ ಒಂದೇ ಚಿತ್ರ 2025ರ ಡಿಸೆಂಬರಿನಲ್ಲಿ ಅಮೆರಿಕದ ಟಾಕೀಸುಗಳಲ್ಲಿ ಬಂತು, ಅದರಲ್ಲಿ ಆ ಮಾತು ತೆಗೆದಿದ್ದಾರೆ. ಒಳ್ಳೆಯದು ಮಾಡಿದರು. ಅವಳಿಗೆ ತಿಳಿದಾಗಲೇ ನಮಗೂ ತಿಳಿಯಬೇಕು. ಬ್ಯಾಡಗಿ ಅಣ್ಣಾ, ಕಡಿದದ್ದು ಕೆಟ್ಟಿತು ಅನ್ನುವ ನಿಮ್ಮ ಮಾತು ಇಷ್ಟರ ಮಟ್ಟಿಗೆ ನಾನು ಒಪ್ಪುತ್ತೇನೆ.

ನನಗೆ ಈಗಲೂ ಚುಚ್ಚುವುದು ಇನ್ನೊಂದು ಮಗು. ಮೊದಲ ಭಾಗದಲ್ಲಿ ಅಡುಗೆಮನೆಯಲ್ಲಿ ನಾಯಕಿ ಕೊಂದ ತನ್ನ ತಾಯಿಯ ಹೆಣ ನೋಡಿ ನಿಂತ ನಿಕ್ಕಿ. ದೊಡ್ಡವಳಾದ ಮೇಲೆ ನಿನಗೆ ಸಿಟ್ಟು ಉಳಿದಿದ್ದರೆ ಬಾ, ಕಾಯುತ್ತೇನೆ ಅಂತ ಬಿಯಾಟ್ರಿಕ್ಸ್ ಅವಳಿಗೆ ಹೇಳಿದ್ದಳು. ಎರಡನೇ ಭಾಗ ಆ ಹುಡುಗಿಯ ಕಡೆ ತಿರುಗಿ ನೋಡುವುದೇ ಇಲ್ಲ. ಒಬ್ಬಳ ಮಗು ಸಿಕ್ಕಿತು ಅಂತ ನಗುತ್ತಾ ಮುಗಿಸುವಾಗ ಇನ್ನೊಬ್ಬಳ ಮಗು ಎಲ್ಲಿ? ಇದು ನನ್ನ ದೂರು.

ನಾಯಕಿ ಪಾತ್ರ ಮಾಡಿದ ನಟಿ ಉಮಾ ಥರ್ಮನ್ ಬಗ್ಗೆಯೂ ಹೇಳಬೇಕು. ಶೂಟಿಂಗ್ ವೇಳೆ ಕಾರು ಓಡಿಸಲು ತನಗೆ ಮನಸ್ಸಿರಲಿಲ್ಲ, ಆದರೂ ಓಡಿಸಬೇಕಾಯಿತು, ಕಾರು ಮರಕ್ಕೆ ಗುದ್ದಿ ಕುತ್ತಿಗೆಗೆ, ಮೊಣಕಾಲಿಗೆ ಪೆಟ್ಟಾಯಿತು ಅಂತ ಅವರು 2018ರಲ್ಲಿ ಹೇಳಿದರು. ಟರಂಟಿನೋ ಕೂಡ ಅದು ತನ್ನ ಬದುಕಿನ ದೊಡ್ಡ ಪಶ್ಚಾತ್ತಾಪಗಳಲ್ಲಿ ಒಂದು ಅಂದಿದ್ದಾರೆ. ಅದನ್ನು ಓದಿದ ಮೇಲೆ ಎರಡನೇ ಭಾಗದ ಶುರುವಿನಲ್ಲಿ ಅವಳು ಸ್ಟಿಯರಿಂಗ್ ಹಿಡಿದು ನಮ್ಮ ಕಡೆ ನೋಡಿ ಮಾತಾಡುವಾಗ ನನ್ನ ಕಣ್ಣು ಅವಳ ಕುತ್ತಿಗೆ ಮೇಲೇ ಇರುತ್ತದೆ.

ಬ್ಯಾಡಗಿ ಕಡ್ಡಿ, ಹಾವೇರಿ ಜಿಲ್ಲೆ

ಅಕ್ಕಾವರೇ, ನಿಕ್ಕಿ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು. ಆ ಹೋಟೆಲ್ ರೂಮಿನ ಭಾಗ ನನಗೂ ಇಷ್ಟವೇ, ಬರೆಯಲು ಮರೆತೆ. ಟ್ರೇಲರ್ ಮನೆಯೊಳಗೆ ಎಲ್ ಜೊತೆಗಿನ ಜಗಳವೂ ಚೆನ್ನಾಗಿದೆ, ಅಷ್ಟು ಇಕ್ಕಟ್ಟಿನಲ್ಲಿ ಉದ್ದನೆ ಕತ್ತಿ ಬೀಸಲಾಗದೆ ಇಬ್ಬರೂ ಕೈಗೆ ಸಿಕ್ಕಿದ್ದರಲ್ಲೇ ಹೊಡೆದುಕೊಳ್ಳುತ್ತಾರೆ. ಮಾಸ್ತರರ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಆದರೆ ಸರ್, ರನ್ನನ ದುರ್ಯೋಧನ ಕೊಳದಿಂದ ಎದ್ದು ಬಂದ ಮೇಲೆ ಗದಾಯುದ್ಧ ಜೋರಾಗಿಯೇ ನಡೆಯುತ್ತದೆ ಅಲ್ವಾ? ಒಂದು ಏಟಿಗೆ ಮುಗಿಯುವುದಿಲ್ಲ. ನನಗೆ ಬಿಲ್ ಜೊತೆ ಅಂಥದ್ದೊಂದು ಬೇಕಿತ್ತು. ಅಷ್ಟು ಅತ್ತ ಮೇಲೆ ಅಷ್ಟು ಹೊಡೆದಾಟವೂ ಬೇಕಿತ್ತು. ಇದರಲ್ಲಿ ನಾನು ಬದಲಾಗುವುದಿಲ್ಲ.

ಬೆಟಗೇರಿ ಮಾಸ್ತರ, ಗದಗ

ಹೌದು, ಅದು ಸರಿಯಾದ ಮಾತು. ಮಗನಿಗೆ ಓದಿ ಹೇಳಿದೆ. ಅವನು ನಿಮ್ಮ ಪಕ್ಷ.

ಉಣಕಲ್ ಕೆರೆ ದಂಡೆ, ಹುಬ್ಬಳ್ಳಿ

ತೋರಿಸಿದೆ. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಆಪರೇಟರ್ ಅಣ್ಣಾ, ನೀವು ಹೇಳಿದ ಹಾಗೆ ಕಿಟಕಿಗೆ ಕಂಬಳಿ ಹಾಕಿದೆ, ಗೆಳೆಯನ ದೊಡ್ಡ ಸ್ಪೀಕರ್ ತಂದೆ, ಎಲ್ಲರ ಮೊಬೈಲು ಅಡುಗೆಮನೆ ಕಟ್ಟೆ ಮೇಲೆ ಇಡಿಸಿದೆ. ಮಣ್ಣು ಬೀಳುವ ಸದ್ದು ಶುರುವಾದಾಗ ಅಕ್ಕ ನನ್ನ ಮಣಿಕಟ್ಟು ಹಿಡಿದುಕೊಂಡಳು. ಹಲಗೆ ಒಡೆಯುವವರೆಗೂ ಬಿಡಲಿಲ್ಲ. ಹೋದ ಸಲ ಮಲಗಿದ್ದ ಇಬ್ಬರಲ್ಲಿ ಒಬ್ಬ ಈ ಸಲ ಗೋಡೆಗೆ ಒರಗಿದ್ದವನು ಮುಂದೆ ಬಂದು ಕೂತ. ಇನ್ನೊಬ್ಬ ಈಗಲೂ ಮೊದಲನೆಯದೇ ಮೇಲು ಅಂತಾನೆ.

ಕೊನೆಯಲ್ಲಿ ಅವಳು ಬಚ್ಚಲುಮನೆ ನೆಲದ ಮೇಲೆ ಬಿದ್ದು, ಆಟದ ಗೊಂಬೆಯನ್ನು ಅಪ್ಪಿಕೊಂಡು, ಬಾಯಿ ಮುಚ್ಚಿ ಅಳುತ್ತಾಳಲ್ಲ, ಹೊರಗೆ ಮಗು ಕಾರ್ಟೂನ್ ನೋಡುತ್ತಿರುತ್ತದೆ. ಅಲ್ಲಿ ಅಕ್ಕ, ಭಾವ ಇಬ್ಬರಿಗೂ ಶುರುವಾಯಿತು. ಮಗು ಸಿಕ್ಕ ಖುಷಿಗೆ ಅಳುತ್ತಿದ್ದಾಳೆ ಅಂತ ಭಾವ. ಅಲ್ಲ, ಅವಳು ಬಿಲ್‌ಗಾಗಿ ಅಳುತ್ತಿದ್ದಾಳೆ ಅಂತ ಅಕ್ಕ. "ಖುಷಿಗೆ ಅಳುವವರು ಬಾಗಿಲು ಹಾಕಿಕೊಂಡು ಅಳುವುದಿಲ್ಲ, ಮಗುವಿನ ಮುಂದೆಯೇ ಅಳುತ್ತಾರೆ" ಅಂದಳು. ಭಾವ ಸುಮ್ಮನಾದರು, ಆದರೆ ಒಪ್ಪಲಿಲ್ಲ. ಬೆಳಗ್ಗೆ ನವಲಗುಂದ ಬಸ್ಸು ಹತ್ತುವಾಗ ಕಿಟಕಿಯಿಂದ ಮುಖ ಹೊರಗೆ ಹಾಕಿ ಭಾವ ನನ್ನನ್ನು ಕೇಳಿದರು, "ಆ ಅಳು ಇನ್ನೊಮ್ಮೆ ನೋಡಬೇಕು, ಮುಂದಿನ ಸಲ ಬಂದಾಗ ಹಚ್ಚುತ್ತೀಯಾ?"

ಸಪ್ತಾಪುರ ಅಕ್ಕಾವರೇ, ನೀವು ಏನಂತೀರಿ, ಯಾರಿಗಾಗಿ ಅಳುತ್ತಾಳೆ ಅವಳು?

ಸಪ್ತಾಪುರ, ಧಾರವಾಡ

ನಿಮ್ಮ ಅಕ್ಕನ ಮಾತು ಓದಿ ಆ ಭಾಗ ಈಗಷ್ಟೇ ಮತ್ತೆ ಹಚ್ಚಿ ನೋಡಿದೆ. ಅವಳು ಅಳುತ್ತಾ ಥ್ಯಾಂಕ್ಯೂ ಅನ್ನುತ್ತಾಳೆ, ಮೇಲೆ ಮೇಲೆ ಅನ್ನುತ್ತಾಳೆ. ಯಾರಿಗೆ ಅಂತ ಹೇಳುವುದಿಲ್ಲ. ಭಾವ ಬಂದಾಗ ಅಲ್ಲಿ ಸ್ಪೀಕರ್ ಸ್ವಲ್ಪ ಜೋರು ಮಾಡಿ.